ಪ್ಲೈವುಡ್ಡಿನ ಹಿಂದಿನ ಸರ್

ಕಳೆದ ವಾರ ನಮ್ಮ ಆಫೀಸಿನ ತುಂಬ ಕೊಬ್ಬರಿ ಎಣ್ಣೆಯ ವಾಸನೆ. ತಲೆಗೆ ಹಚ್ಚಿದ ಎಣ್ಣೆಯದ್ದಲ್ಲ, ಕಾಗದಕ್ಕೆ ಹಚ್ಚಿದ್ದು. ಹೋಂಸ್ಟೇಯವರೊಬ್ಬರ ಬಟ್ಟೆ ಚೀಲಗಳಿಗೆ ಅಚ್ಚು ಹಾಕಬೇಕಿತ್ತು, ಅಚ್ಚಿಗೆ ಬೇಕಾದ ಫಿಲ್ಮ್ ಹಾಳೆ ಮುಗಿದುಹೋಗಿತ್ತು. ಮೈಸೂರಿನಿಂದ ಹಾಳೆ ಬರುವವರೆಗೆ ಕಾಯುವುದು ಬೇಡವೆಂದು ನಮ್ಮಲ್ಲಿ ಕೆಲಸಕ್ಕಿರುವ ಹುಡುಗಿ ಸಾದಾ ಕಾಗದದ ಮೇಲೆ ಪ್ರಿಂಟ್ ತೆಗೆದು, ಅದರ ಬೆನ್ನಿಗೆ ಹತ್ತಿಯಿಂದ ಎಣ್ಣೆ ಸವರುತ್ತ ಕೂತಿದ್ದಳು. ಎಣ್ಣೆ ಕುಡಿದ ಕಾಗದ ಬೆಳಕನ್ನು ಹಾಯಲು ಬಿಡುತ್ತದೆ, ಕಪ್ಪು ಗೆರೆ ಬಿಡುವುದಿಲ್ಲ. ಸ್ಕ್ರೀನ್ ಪ್ರಿಂಟಿಂಗಿಗೆ ಅಷ್ಟು ಸಾಕು.

ಈ ಉಪಾಯವನ್ನು ಅವಳಿಗೆ ಹೇಳಿಕೊಟ್ಟವಳು ನಾನು. ನನಗೆ ಹೇಳಿಕೊಟ್ಟವರು ಸುಂಟಿಕೊಪ್ಪದ ಪ್ರೆಸ್ಸಿನ ಅಕ್ಕ...

ಹದಿನಾಲ್ಕು ವರ್ಷದ ಹಿಂದಿನ ಮಾತು. ನಾನು ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ನಮ್ಮದು ಹಾರಂಗಿ ಹತ್ತಿರದ ಮನೆ, ತಾತನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ನೆಲೆಸಿದವರು. ನನಗೆ ಚಿತ್ರ ಬರೆಯುವ ಹುಚ್ಚು. ಅಪ್ಪನಿಗೆ ಆ ಹುಚ್ಚಿನ ಬಗ್ಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಆದರೆ ಕಂಪ್ಯೂಟರ್ ಕೆಲಸ ಅಂದಾಗ ಒಪ್ಪಿದ. "ನೆರಳಲ್ಲಿ ಕೂತ್ಕಂಡು ಮಾಡೋ ಕೆಲ್ಸ. ಹೆಣ್ಮಕ್ಳಿಗೆ ಸರಿಯಾಗೈತೆ. ಮದ್ವೆ ಆಗೋಗಂಟ ಹೋಗ್ಲಿ," ಅಂತ ಅಮ್ಮನ ಹತ್ತಿರ ಹೇಳಿದ್ದು ನನಗೂ ಕೇಳಿಸಿತ್ತು. ಹಾಗೆ ಕುಶಾಲನಗರದಲ್ಲಿ ಬಸ್ಸು ಬದಲಿಸಿ ಸುಂಟಿಕೊಪ್ಪಕ್ಕೆ ಹೋಗಿ ಬರುವ ನನ್ನ ದಿನಚರಿ ಶುರುವಾಯಿತು.

ಪ್ರೆಸ್ಸು ಮೇನ್ ರೋಡಿನಲ್ಲೇ ಇತ್ತು. ಮುಂದೆ ಓನರ್ ಕೂರುವ ಮೇಜು, ಪಕ್ಕದಲ್ಲಿ ಜೆರಾಕ್ಸ್ ಮಿಷನ್ನು, ಗೋಡೆಗೆ ಒತ್ತಿಕೊಂಡು ಒಂದು ಕಂಪ್ಯೂಟರ್. ಹಿಂದೆ ಪ್ಲೈವುಡ್ ಹೊಡೆದು ಮಾಡಿದ ಒಂದು ಕೋಣೆ. ಆ ಕೋಣೆಯ ಬಾಗಿಲಲ್ಲಿ ಒಂದು ಜೊತೆ ಗಂಡಸರ ಚಪ್ಪಲಿ, ಕಂದು ಬಣ್ಣದ್ದು, ಹಿಮ್ಮಡಿ ಸವೆದದ್ದು. ಕಂಪ್ಯೂಟರಿನ ಮುಂದೆ ಕೂತಿದ್ದವರು ಅಕ್ಕ. ಮೂವತ್ತೈದರ ಆಸುಪಾಸು, ಬಿಗಿಯಾದ ಜಡೆ, ಬೆರಳ ತುದಿಯಲ್ಲಿ ಯಾವಾಗಲೂ ಒಂದಿಷ್ಟು ಎಣ್ಣೆ.

ಮೊದಲ ದಿನ ನಾನು ಅವರನ್ನು ಕೇಳಿದ ಮೊದಲ ಪ್ರಶ್ನೆ: "ಅಕ್ಕ, ಡಿಸೈನ್ ಮಾಡೋ ಸರ್ ಯಾವಾಗ ಬರ್ತಾರೆ?"

ಅಕ್ಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಒಳಗಿದ್ದಾರೆ. ಬ್ಯುಸಿ ಉಂಟು," ಅಂದರು.

ನಾನು ನಂಬಿದೆ. ಒಂದು ವಾರ ನಂಬಿದೆ! ಗಿರಾಕಿ ಬಂದು ಏನಾದರೂ ತಕರಾರು ತೆಗೆದರೆ ಅಕ್ಕ "ಒಂದ್ನಿಮಿಷ, ಸರ್‌ನ ಕೇಳಿ ಬರ್ತೇನೆ" ಎಂದು ಎದ್ದು ಪ್ಲೈವುಡ್ಡಿನ ಹಿಂದೆ ಹೋಗುತ್ತಿದ್ದರು, ಬಂದು "ಸರ್ ಬೇಡ ಅಂದ್ರು" ಎನ್ನುತ್ತಿದ್ದರು, ಗಿರಾಕಿ ಮರುಮಾತಿಲ್ಲದೆ ತಲೆಯಾಡಿಸುತ್ತಿದ್ದ. ಒಳಗಿನಿಂದ ಒಂದು ಕೆಮ್ಮೂ ಕೇಳಿಸದ ಆ ಸರ್ ಮೇಲೆ ನನಗೆ ಭಯಭಕ್ತಿ ಬೆಳೆದಿತ್ತು. ಎಂಟನೇ ದಿನ ಅಕ್ಕ ಕಾಗದದ ರೀಮು ತರಲು ನನ್ನನ್ನೇ ಒಳಗೆ ಕಳಿಸಿದರು. ಒಳಗೆ ಟ್ಯೂಬ್‌ಲೈಟ್ ಕೂರಿಸಿದ ಗಾಜಿನ ಮೇಜು, ಒಂದು ಕಾಲು ಮುರಿದ ಕುರ್ಚಿ, ನೀರಿನ ಬಾಟಲಿ, ಕೊಬ್ಬರಿ ಎಣ್ಣೆಯ ಡಬ್ಬ. ಇನ್ನೊಂದು ಬಾಗಿಲು ಕೂಡ ಇರಲಿಲ್ಲ. ನಾನು ಪೆಚ್ಚುಮೋರೆ ಹಾಕಿಕೊಂಡು ಹೊರಗೆ ಬಂದಾಗ ಅಕ್ಕ ನಕ್ಕು ನಕ್ಕು ಕೀಬೋರ್ಡಿನ ಮೇಲೆ ತಲೆ ಇಟ್ಟರು.

ಸರ್ ಹುಟ್ಟಿದ ಕತೆಯನ್ನು ಅವತ್ತು ಹೇಳಿದರು. ಮೂರು ವರ್ಷದ ಹಿಂದೆ ಒಬ್ಬರು ಮಗನ ಮದುವೆ ಕಾಗದ ಮಾಡಿಸಲು ಬಂದಿದ್ದರಂತೆ. ಮರೂನ್ ಬಣ್ಣದ ಮೇಲೆ ಕೆಂಪು ಅಕ್ಷರವೇ ಬೇಕು ಅಂತ ಹಟ. ಕೆಂಪಿನ ಮೇಲೆ ಕೆಂಪು ಇಟ್ಟರೆ ಓದಲು ಆಗುವುದಿಲ್ಲ ಅಂತ ಅಕ್ಕ ಅರ್ಧ ಗಂಟೆ ಹೇಳಿದ್ದಾರೆ. "ನೀನು ಟೈಪ್ ಮಾಡಮ್ಮ ಸಾಕು" ಅಂದಿದ್ದಾರೆ ಆ ಮನುಷ್ಯ. ಸಿಟ್ಟು ನೆತ್ತಿಗೇರಿ, ಒಂದು ಗುಟುಕು ನೀರು ಕುಡಿಯಲು ಒಳಗೆ ಹೋಗಿ ಬಂದು ಮತ್ತೆ ಅದನ್ನೇ ಹೇಳಿದ್ದಾರೆ, ಕೆಂಪು ಬೇಡ ಎಂದು. ಆತ ಪ್ಲೈವುಡ್ಡಿನ ಕಡೆ ನೋಡಿ, "ಸರ್ ಹೇಳಿದ್ರಾ? ಹಾಗಾದ್ರೆ ಬೇಡ ಬಿಡಿ," ಅಂದರಂತೆ.

"ನಾನು ಅಲ್ಲ ಅನ್ಲಿಲ್ಲ," ಅಂದರು ಅಕ್ಕ. "ಕೆಲ್ಸ ಆಯ್ತಲ್ಲ."

ಅಷ್ಟೇ. ಅಲ್ಲಿಂದ ಸರ್ ಬೆಳೆದರು. ಅಕ್ಕ ಒಳಗೆ ಹೋಗಿ ಇಪ್ಪತ್ತರವರೆಗೆ ಎಣಿಸುತ್ತಿದ್ದರು. ದೊಡ್ಡ ಗಿರಾಕಿಯಾದರೆ ನಲವತ್ತು. ಯಾರೋ "ಸರ್ ಕಾಣೋದೇ ಇಲ್ವಲ್ಲ" ಅಂದಿದ್ದಕ್ಕೆ ತಮ್ಮನ ಹಳೇ ಚಪ್ಪಲಿ ತಂದು ಬಾಗಿಲಲ್ಲಿ ಇಟ್ಟರು. ಜನ ಸರ್‌ಗೆಂದು ಕಿತ್ತಳೆ ತಂದುಕೊಟ್ಟರು, ಜೇನು ತಂದುಕೊಟ್ಟರು, ಮನೆಯಲ್ಲಿ ಮಾಡಿದ ವೈನ್ ಬಾಟಲಿ ಕೂಡ ಬಂತು. ವೈನು ಓನರ್ ಮನೆಗೆ ಹೋಯಿತು, ಕಿತ್ತಳೆ ನಾವಿಬ್ಬರು ತಿಂದೆವು. ಓನರ್‌ಗೆ ಎಲ್ಲ ಗೊತ್ತಿತ್ತು. ಕೆಲಸ ಸರಾಗವಾಗಿ ನಡೆಯುತ್ತಿದ್ದರೆ ಅವರೇಕೆ ಬಾಯಿ ಬಿಟ್ಟಾರು?

ಆಗ ನನಗೆ ಇದೆಲ್ಲ ದೊಡ್ಡ ತಮಾಷೆ. ಅಕ್ಕನಿಗೂ ತಮಾಷೆಯೇ ಅಂದುಕೊಂಡಿದ್ದೆ. ಆದರೆ ಸಂಜೆ ಕಂಪ್ಯೂಟರ್ ಆಫ್ ಮಾಡುವ ಮೊದಲು ಅವರೊಂದು ಕೆಲಸ ಮಾಡುತ್ತಿದ್ದರು. ಆ ದಿನದ ಅತ್ಯಂತ ಚೆನ್ನಾದ ಡಿಸೈನನ್ನು ತೆರೆದು, ಕೆಳಗಿನ ಮೂಲೆಯಲ್ಲಿ ಸಣ್ಣಗೆ "ವಿನ್ಯಾಸ" ಎಂದು ಹಾಕಿ, ಪಕ್ಕದಲ್ಲಿ ತಮ್ಮ ಹೆಸರು ಬರೆದು ನೋಡುತ್ತಿದ್ದರು. ಅಕ್ಷರ ಸ್ವಲ್ಪ ದೊಡ್ಡದು ಮಾಡಿ, ಚಿಕ್ಕದು ಮಾಡಿ, ಎಡಕ್ಕೆ ಸರಿಸಿ... ಆಮೇಲೆ ಅಳಿಸಿ ಎದ್ದುಬಿಡುತ್ತಿದ್ದರು.

ನಾನು ಸೇರಿದ ಮರುವರ್ಷ ಪೊನ್ನಂಪೇಟೆ ಕಡೆಯ ಪ್ಲಾಂಟರ್ ಒಬ್ಬರು ಬಂದರು. ತಮ್ಮ ತೋಟದ ಕಾಫಿ ಪುಡಿಯನ್ನು ತಮ್ಮದೇ ಹೆಸರಲ್ಲಿ ಮಾರುವ ಯೋಚನೆ, ಅದಕ್ಕೊಂದು ಪ್ಯಾಕೆಟ್ ಬೇಕು. ನಮ್ಮ ಪ್ರೆಸ್ಸಿಗೆ ಬಂದದ್ದೂ ಯಾರದೋ ಮದುವೆ ಕಾಗದ ನೋಡಿ ಮೆಚ್ಚಿಕೊಂಡು. ಒಳ್ಳೆಯ ಮನುಷ್ಯ, ಅದನ್ನು ಹೇಳಲೇಬೇಕು. ಗಟ್ಟಿ ದನಿಯಿಲ್ಲ, ಸೊಕ್ಕಿಲ್ಲ, ಜೀಪಿನಿಂದ ಇಳಿದು ಬರುವಾಗ ನಮಗೂ ಟೀ ಹೇಳಿಯೇ ಬರುತ್ತಿದ್ದರು. ಅವರಿಗೆ ಪ್ಯಾಕೆಟ್ಟಿನ ಮೇಲೆ ಒಬ್ಬ ಚಂದದ ಹುಡುಗಿ ಬೇಕಿತ್ತು, ಕೊಡವ ಸೀರೆ ಉಟ್ಟು, ಕಾಫಿ ಕಪ್ ಹಿಡಿದು ನಗುತ್ತಿರಬೇಕು.

ಅಕ್ಕ ಇಪ್ಪತ್ತು ಎಣಿಸಿ ಬಂದರು. "ಸರ್ ಬೇರೆ ಒಂದು ಐಡಿಯಾ ಹೇಳಿದ್ದಾರೆ. ನಾಡಿದ್ದು ಬನ್ನಿ."

ಆ ಎರಡು ದಿನ ಅಕ್ಕ ಪೆನ್ಸಿಲ್ ಕೆಳಗಿಡಲಿಲ್ಲ. ಅವರ ಅಮ್ಮ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕುಯ್ಯಲು ಹೋಗುತ್ತಿದ್ದವರು. ಪಿಕ್ಕಿಂಗ್ ಸಮಯದಲ್ಲಿ ಅಕ್ಕನೂ ಅಮ್ಮನ ಹಿಂದೆ ತಿರುಗಿ ಬೆಳೆದವರೇ. ಅವರು ಬರೆದದ್ದು ಎರಡೇ ಎರಡು ಕೈ. ಒಂದು ಕೈ ರೆಂಬೆಯನ್ನು ಬಗ್ಗಿಸಿ ಹಿಡಿದಿದೆ, ಇನ್ನೊಂದು ಕೈ ಹಣ್ಣು ಬಿಡಿಸುತ್ತಿದೆ. ಬಳೆ ಮೊಣಕೈವರೆಗೆ ಜಾರಿದೆ, ಉಗುರಿನ ಸಂದಿಯಲ್ಲಿ ಕರೆ. ಬಣ್ಣವೆಂದರೆ ಕಪ್ಪು ಮತ್ತು ಒಂದೇ ಒಂದು ಕೆಂಪು. ಪ್ಲಾಂಟರ್ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. "ನಿಮ್ಮ ಸರ್ ತೋಟ ಗೊತ್ತಿದ್ದವರು," ಅಂದರು.

ಪ್ಯಾಕೆಟ್ಟು ಚೆನ್ನಾಗಿ ಓಡಿತು. ಮಡಿಕೇರಿಯ ಅಂಗಡಿಗಳಲ್ಲಿ ಸಾಲಾಗಿ ಇಟ್ಟಿದ್ದನ್ನು ಅಕ್ಕ ಬಸ್ಸಿಳಿದು ನೋಡಿಬಂದರು. ನಾನೂ ಜೊತೆಗೆ ಹೋಗಿದ್ದೆ. ಕೊಳ್ಳುವವರ ಹಾಗೆ ಒಂದನ್ನು ತೆಗೆದು ತಿರುಗಿಸಿ ನೋಡಿ ಮತ್ತೆ ಅಲ್ಲೇ ನೇರ ಮಾಡಿ ಇಟ್ಟರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಐದಾರು ತಿಂಗಳು ಕಳೆದು ಪ್ಲಾಂಟರ್ ಮತ್ತೆ ಬಂದರು. ಅಕ್ಕಪಕ್ಕದ ತೋಟದವರೆಲ್ಲ ಸೇರಿ ಒಂದು ಗುಂಪು ಮಾಡಿಕೊಂಡಿದ್ದಾರಂತೆ. ಕಾಫಿ, ಕರಿಮೆಣಸು, ಏಲಕ್ಕಿ, ಎಲ್ಲದಕ್ಕೂ ಪ್ಯಾಕೆಟ್ಟು, ಬೋರ್ಡು, ಪುಸ್ತಕ. ಪೊನ್ನಂಪೇಟೆಯಲ್ಲಿ ಆಫೀಸು ಮಾಡುತ್ತಾರೆ, ಡಿಸೈನಿಗೆಂದೇ ಒಂದು ಕೋಣೆ, ಒಬ್ಬರು ಕಾಯಂ ಜನ ಬೇಕು. ಪ್ರತಿ ಪ್ಯಾಕೆಟ್ಟಿನ ಹಿಂದೆ ವಿನ್ಯಾಸ ಮಾಡಿದವರ ಹೆಸರನ್ನೂ ಹಾಕುತ್ತೇವೆ ಅಂದರು. "ಸರ್‌ನ ಕರೀರಿ ಇವತ್ತು. ಎದುರಾ ಎದುರು ಕೂತು ಮಾತಾಡ್ಬೇಕು."

ಅಕ್ಕ ಎದ್ದು ನಿಂತರು. ಕೈಗೆ ಎಣ್ಣೆಯಾಗಿತ್ತು, ಹಳೇ ಪೇಪರಿಗೆ ಒಂದೊಂದೇ ಬೆರಳು ಒರೆಸಿಕೊಂಡರು.

"ನಾನೇ ಸರ್. ಒಳಗೆ ಯಾರೂ ಇಲ್ಲ," ಅಂದರು.

ಪ್ಲಾಂಟರ್ ನಕ್ಕರು. ಗೇಲಿಯ ನಗುವಲ್ಲ, ಮಕ್ಕಳ ಚೇಷ್ಟೆಗೆ ನಗುತ್ತೇವಲ್ಲ, ಆ ನಗು. ಅವರ ಕಣ್ಣು ಚಪ್ಪಲಿಯ ಮೇಲೆ ಹೋಯಿತು. ಅಕ್ಕ ಕಂಪ್ಯೂಟರಿನಲ್ಲಿ ಆ ಕೈಗಳ ಫೈಲನ್ನು ತೆರೆದರು. ಗೆರೆಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದರು, ಮೊದಲು ಬರೆದು ಬಿಟ್ಟ ಕೈಗಳನ್ನು ತೋರಿಸಿದರು, ಖಾಲಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಅದೇ ರೆಂಬೆಯನ್ನು ಅವರೆದುರೇ ಎಳೆದರು. ಪ್ಲಾಂಟರ್ ಬಗ್ಗಿ ಎಲ್ಲವನ್ನೂ ನೋಡಿದರು. ನೋಡಿ, ಮನಸ್ಸು ತುಂಬಿ ಹೇಳಿದರು: "ತುಂಬ ಚೆನ್ನಾಗಿ ಕಲಿತಿದ್ದೀರಮ್ಮ. ಸರ್ ಒಳ್ಳೆ ಟ್ರೈನಿಂಗ್ ಕೊಟ್ಟಿದ್ದಾರೆ."

ಇದನ್ನು ಬರೆಯುವಾಗಲೂ ಹಲ್ಲು ಕಡಿಯುವಂತಾಗುತ್ತದೆ. ಇನ್ನೇನು ತೋರಿಸಬೇಕಿತ್ತು? ಎದೆ ಬಗೆದು ತೋರಿಸಬೇಕಿತ್ತೇ? ಪ್ಯಾಕೆಟ್ಟಿನ ಮೇಲೆ ಹೆಂಗಸು ಬೇಕು, ಪ್ಯಾಕೆಟ್ಟು ಮಾಡಿದವಳು ಹೆಂಗಸು ಅಂದರೆ ಮಾತ್ರ ಒಳ್ಳೆಯ ಮನುಷ್ಯನಿಗೂ ನಂಬಿಕೆ ಬರುವುದಿಲ್ಲ. ಕೆಟ್ಟವನಾಗಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು.

ಓನರ್ ಮೇಜಿನ ಹಿಂದಿನಿಂದ ಎದ್ದು ಬಂದರು. ಇಷ್ಟು ವರ್ಷ ಊರಿಗೆಲ್ಲ ಟೋಪಿ ಹಾಕಿದ್ದು ಬಯಲಾಗುತ್ತದೆ ಅನ್ನುವುದು ಒಂದು, ಅಕ್ಕ ಪೊನ್ನಂಪೇಟೆಗೆ ಹೋದರೆ ಪ್ರೆಸ್ಸಿನ ಗತಿಯೇನು ಅನ್ನುವುದು ಇನ್ನೊಂದು. "ತಮಾಷೆ ಮಾಡ್ತಾಳೆ ಸರ್, ಕೇಳ್ಬೇಡಿ. ಡಿಸೈನ್ ಮಾಡೋರು ರಜೆ ಹಾಕಿ ಊರಿಗೆ ಹೋಗಿದ್ದಾರೆ," ಅಂದರು.

ಪ್ಲಾಂಟರ್‌ಗೆ ಗೊಂದಲವಾಗಿರಬೇಕು. ಅವರು ಅಲ್ಲಿಗೆ ಬಿಡಲಿಲ್ಲ. ಜೆರಾಕ್ಸ್ ಮಿಷನ್ನಿನ ಹತ್ತಿರ ನಿಂತಿದ್ದ ನನ್ನ ಕಡೆ ತಿರುಗಿದರು. "ಎಂತಮ್ಮ, ಹೌದಾ? ಇವರೇ ಮಾಡಿದ್ದಾ?"

ಅಕ್ಕ ನನ್ನನ್ನು ನೋಡಿದರು. ಓನರ್ ನನ್ನನ್ನು ನೋಡಿದರು.

ಒಂದು "ಹೌದು" ಸಾಕಿತ್ತು. ಆ ಎರಡು ದಿನ ಪಕ್ಕದಲ್ಲೇ ಕೂತು ನೋಡಿದವಳು ನಾನು. ಆದರೆ ನನ್ನ ತಲೆಯಲ್ಲಿ ಓಡಿದ್ದು ಬೇರೆ. ಓನರ್ ನಾಳೆಯಿಂದ ಬರಬೇಡ ಅಂದರೆ? ಅಪ್ಪ, ಸಾಕು ಮನೇಲಿರು ಅಂದುಬಿಟ್ಟರೆ? ಗಂಡು ನೋಡುವ ಮಾತು ಆಗಲೇ ಶುರುವಾಗಿತ್ತು. ಇಷ್ಟೇ ಆಗಿದ್ದರೆ ನನ್ನನ್ನು ನಾನು ಹೇಗೋ ಕ್ಷಮಿಸಿಕೊಳ್ಳುತ್ತಿದ್ದೆ. ಇನ್ನೂ ಒಂದಿತ್ತು, ಹೇಳಲು ನಾಚಿಕೆಯಾಗುತ್ತದೆ. ಅಕ್ಕ ಹಾಗೆ ಎದ್ದು ನಿಂತು "ನಾನೇ" ಅಂದದ್ದು ಆ ಗಳಿಗೆಯಲ್ಲಿ ನನಗೂ ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿತ್ತು.

"ಸರ್ ರಜೆ," ಅಂದೆ ನಾನು.

ಪ್ಲಾಂಟರ್ ತಲೆಯಾಡಿಸಿ, "ಬಂದ ಮೇಲೆ ಫೋನ್ ಮಾಡೋಕೆ ಹೇಳಿ," ಎಂದು ಹೊರಟರು. ಅಕ್ಕ ಕೂತು, ಆ ಫೈಲನ್ನು ಮುಚ್ಚಿ, ಯಾರದೋ ಗೃಹಪ್ರವೇಶದ ಕಾಗದವನ್ನು ತೆರೆದರು. ನನ್ನನ್ನು ಬೈಯಲಿಲ್ಲ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಾನು ಅಳಲು ಶುರು ಮಾಡಿದಾಗ, "ಎಂಥ ಕೂಸೆ, ಅಳ್ತಾರಾ ರೋಡಲ್ಲಿ? ನಿನ್ನ ಬಸ್ಸು ಬಂತು ನೋಡು," ಅಂದರು. ಅವರ ಮನೆಮಾತು ಅರೆಭಾಷೆ. ನನ್ನನ್ನು ಕೂಸೆ ಎಂದು ಕರೆಯುತ್ತಿದ್ದುದು ಪ್ರೀತಿ ಬಂದಾಗ ಮಾತ್ರ. ಆವತ್ತು ಏಕೆ ಕರೆದರೋ... ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬಾಗಿಲಲ್ಲಿ ಚಪ್ಪಲಿ ಇರಲಿಲ್ಲ. ಯಾರಾದರೂ ತಕರಾರು ತೆಗೆದರೆ ಅಕ್ಕ ಏಳುತ್ತಿರಲಿಲ್ಲ. ಕೂತಲ್ಲೇ "ಡಿಸೈನ್ ಮಾಡೋದು ನಾನೇ, ನನ್ನ ಹತ್ರ ಹೇಳಿ" ಎನ್ನುತ್ತಿದ್ದರು. ನಾಲ್ಕೈದು ವರ್ಷ ಸರ್ ಮಾತಿಗೆ ತಲೆಯಾಡಿಸಿದ ಅದೇ ಜನ ಈಗ ಗೆರೆ ಗೆರೆಗೂ ಜಗಳಕ್ಕೆ ನಿಂತರು. ಆ ಬಣ್ಣ ಸರಿಯಿಲ್ಲ, ಈ ಹೂ ದೊಡ್ಡದಾಯಿತು, ಸರ್ ಇದ್ದಾಗ ಚೆನ್ನಾಗಿತ್ತು! ಆ ಮಾತನ್ನು ನಾನು ಈ ಕಿವಿಯಲ್ಲೇ ಕೇಳಿದ್ದೇನೆ. ಮಳೆಗಾಲ ಮುಗಿಯುವ ಹೊತ್ತಿಗೆ ಓನರ್ ಮೈಸೂರಿನಲ್ಲಿ ಕಲಿತು ಬಂದ ಒಬ್ಬ ಯುವಕನನ್ನು ಕಂಪ್ಯೂಟರಿಗೆ ಕೂರಿಸಿದರು, ಅಕ್ಕನನ್ನು ಜೆರಾಕ್ಸಿಗೆ ಹಾಕಿದರು. ಆತನನ್ನು ಎಲ್ಲರೂ ಮೊದಲ ದಿನದಿಂದಲೇ ಸರ್ ಅಂದರು. ಕೊಡವ ಸೀರೆಯ ಹುಡುಗಿ ಕಪ್ ಹಿಡಿದು ನಗುವ ಪ್ಯಾಕೆಟ್ಟುಗಳು ಮುಂದಿನ ವರ್ಷ ಅಂಗಡಿಗೆ ಬಂದವು. ಮೈಸೂರಿನ ಯಾರೋ ಮಾಡಿದ್ದಂತೆ, ಹಿಂದೆ ಅವರ ಹೆಸರಿತ್ತು.

ನಾನು ಅಪ್ಪನ ಹತ್ತಿರ ಜಗಳವಾಡಿ ಮೈಸೂರಿಗೆ ಡಿಸೈನ್ ಕೋರ್ಸಿಗೆ ಹೋದೆ. ಹೋಗುವ ದಿನ ಅಕ್ಕ ಜೆರಾಕ್ಸ್ ಮಾಡುತ್ತಲೇ ಹೇಳಿದ್ದು ಇಷ್ಟು: "ಕೆಂಪಿನ ಮೇಲೆ ಕೆಂಪು ಇಡಬೇಡ. ಯಾರು ಹೇಳಿದ್ರೂ ಇಡಬೇಡ." ಆಮೇಲೆ ಎರಡೋ ಮೂರೋ ಸಲ ಹೋಗಿ ಮಾತಾಡಿಸಿದ್ದೆ. ಕ್ಷಮೆ ಕೇಳಬೇಕೆಂದೇ ಹೋಗುತ್ತಿದ್ದೆ. ಯಾರದೋ ಆಧಾರ್ ಕಾರ್ಡು, ಯಾರದೋ ಪಹಣಿ, ಜನ ಮುತ್ತಿಕೊಂಡಿರುತ್ತಿದ್ದರು. ಮುಂದಿನ ಸಲ ಅಂದುಕೊಂಡು ಬಸ್ಸು ಹತ್ತುತ್ತಿದ್ದೆ.

ಹೋದ ವರ್ಷ ಮಡಿಕೇರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಸುಂಟಿಕೊಪ್ಪದಲ್ಲಿ ಒಂದು ಫ್ಲೆಕ್ಸ್ ಕಂಡಿತು. ಭಾವಪೂರ್ಣ ಶ್ರದ್ಧಾಂಜಲಿ. ಅಕ್ಕನ ಫೋಟೋ, ಯಾವುದೋ ಗುರುತಿನ ಚೀಟಿಯಿಂದ ಹಿಗ್ಗಿಸಿದ್ದು, ಮುಖ ಕಲಸಿಹೋಗಿತ್ತು. ಅವರ ಹೆಸರು ಅಷ್ಟು ದೊಡ್ಡದಾಗಿ ಅಚ್ಚಾದದ್ದು ಬಹುಶಃ ಅದೊಂದೇ ಸಲ. ಮರೂನ್ ಬಣ್ಣದ ಮೇಲೆ ಕೆಂಪು ಅಕ್ಷರ. ಎರಡನೇ ಸಲ ಕಣ್ಣು ಕಿರಿದು ಮಾಡಿ ನೋಡಿದಾಗಲೇ ಓದಲು ಆದದ್ದು. ಅಷ್ಟರಲ್ಲಿ ಬಸ್ಸು ಮುಂದೆ ಹೋಗಿತ್ತು.

ಈಗ ಕುಶಾಲನಗರದಲ್ಲಿ ನನ್ನದೇ ಆಫೀಸಿದೆ. ಬೋರ್ಡಿನ ಮೇಲೆ ನನ್ನ ಹೆಸರಿದೆ, ಆದರೆ ಕೆಳಗಿರುವ ಎರಡು ಫೋನ್ ನಂಬರುಗಳಲ್ಲಿ ಒಂದು ನನ್ನ ಗಂಡನದು. ಅವರಿಗೂ ಡಿಸೈನಿಗೂ ಯಾವ ಸಂಬಂಧವೂ ಇಲ್ಲ, ಅವರು ಮೇಷ್ಟ್ರು. "ಸರ್ ಹತ್ರ ಮಾತಾಡ್ತೀವಿ ಮೇಡಂ" ಎನ್ನುವವರಿಗೆಂದು ಹಾಕಿಸಿದ್ದು. ಅವರು ಫೋನೆತ್ತಿ ನಾನು ಹೇಳಿದ್ದನ್ನೇ ಹೇಳಿ ಇಡುತ್ತಾರೆ, ಕೆಲಸ ಆಗುತ್ತದೆ. ಬೋರ್ಡು ಬರೆಸುವಾಗ ಇದರಲ್ಲೇನು ತಪ್ಪು ಅಂತ ಅನ್ನಿಸಿತ್ತು. ಚಪ್ಪಲಿ ಇಟ್ಟ ಅಕ್ಕನಿಗೂ ಮೊದಲು ಹಾಗೇ ಅನ್ನಿಸಿರಬೇಕು.

ಈ ವಾರ ಆ ಹೋಂಸ್ಟೇಯವರು ಚೀಲದ ಮಾದರಿ ನೋಡಲು ಬಂದರು. ನಮ್ಮ ಹುಡುಗಿ ಚೀಲದ ಮೇಲೆ ಒಂದು ಕಾಡುಕೋಳಿಯನ್ನು ಏಳೇ ಗೆರೆಯಲ್ಲಿ ಬರೆದಿದ್ದಳು. ನಾನಾಗಿದ್ದರೆ ಇಪ್ಪತ್ತು ಗೆರೆ ಬೇಕಾಗುತ್ತಿತ್ತು. ಅವರಿಗೆ ಬಹಳ ಹಿಡಿಸಿತು. ತಿರುಗಿಸಿ ತಿರುಗಿಸಿ ನೋಡಿ, "ಇದು ಸರ್ ಮಾಡಿದ್ದಾ ಮೇಡಂ?" ಅಂದರು.

"ಅಲ್ಲ. ಇವಳು ಮಾಡಿದ್ದು," ಅಂದೆ.

ಅವರು ಹುಡುಗಿಯನ್ನು ನೋಡಿದರು, ನಕ್ಕರು. ಅದೇ ನಗು. "ಈ ಮಗುವಾ? ಹೌದಾ ಮೇಡಂ?" ಅವರ ಕಣ್ಣು ನನ್ನ ಭುಜದ ಮೇಲಿಂದ ಒಳಕೋಣೆಯ ಬಾಗಿಲಿಗೆ ಹೋಯಿತು.

ನಾನು ಎದ್ದು ಹೋಗಿ ಬಾಗಿಲನ್ನು ಪೂರ್ತಿ ತೆರೆದೆ. ಗಾಜಿನ ಮೇಜು, ಒಣಗಲು ಇಟ್ಟ ಸ್ಕ್ರೀನು, ಎಣ್ಣೆಯ ಬಾಟಲಿ. "ಹೌದು. ಇವಳೇ ಮಾಡಿದ್ದು. ಒಳಗೆ ಯಾರೂ ಇಲ್ಲ," ಅಂದೆ. ಬೇಕಾದದ್ದಕ್ಕಿಂತ ಗಟ್ಟಿಯಾಗಿಯೇ ಅಂದಿರಬೇಕು, ಹುಡುಗಿ ಬೆಚ್ಚಿ ನನ್ನ ಮುಖ ನೋಡಿದಳು.

ಅವರು ಚೀಲವನ್ನು ಮೇಜಿನ ಮೇಲಿಟ್ಟು, ಮನೆಯಲ್ಲಿ ಕೇಳಿ ಫೋನ್ ಮಾಡುತ್ತೇನೆಂದು ಹೋದರು. ಇವತ್ತಿಗೆ ನಾಲ್ಕು ದಿನ, ಫೋನ್ ಬಂದಿಲ್ಲ. ಆರ್ಡರ್ ಹೋಯಿತಾ ಮೇಡಂ ಅಂತ ಹುಡುಗಿ ದಿನಾ ಕೇಳುತ್ತಾಳೆ. ಗೊತ್ತಿಲ್ಲ ಅನ್ನುತ್ತೇನೆ. ಅವಳ ಹೆಸರನ್ನು ಕಾಡುಕೋಳಿಯ ಕೆಳಗೆ ಹಾಕಿ ಸ್ಕ್ರೀನ್ ಮಾಡಿ ಇಟ್ಟಿದ್ದೇನೆ, ಬೋರ್ಡಿನ ಎರಡನೇ ನಂಬರಿನ ಮೇಲೆ ಬಿಳಿ ಬಣ್ಣ ಹೊಡೆಸಿದ್ದೇನೆ. ಇದೇನೂ ನಾನು ಮಾಡಿದ ದೊಡ್ಡ ಕೆಲಸವಲ್ಲ. ಆ "ಹೌದು" ನನ್ನ ಬಾಯಿಂದ ಬರಬೇಕಾಗಿದ್ದು ಅವತ್ತು ಸುಂಟಿಕೊಪ್ಪದಲ್ಲಿ, ಜೆರಾಕ್ಸ್ ಮಿಷನ್ನಿನ ಪಕ್ಕ ನಾನು ನಿಂತಿದ್ದಾಗ, ಎಣ್ಣೆಗೈಯಲ್ಲಿ ನನ್ನನ್ನೇ ನೋಡುತ್ತಿದ್ದ ಅಕ್ಕನಿಗೆ ಕೇಳಿಸುವ ಹಾಗೆ.